ಮುಳ್ಳು ಹಸಿರಿನಲ್ಲಿದೆ, ತಾರೀಖು ಮುಗಿದಿದೆ

ಮಕ್ಕಳೇ,

ಶಾಲಾ ಭೇಟಿಗೆಂದು ಒಮ್ಮೆ ಕೆಂಗೇರಿ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಅನಿಲಗಳ ಒತ್ತಡದ ಪಾಠ ಮುಗಿದು ಬಿಸಿಯೂಟದ ಗಂಟೆ ಹೊಡೆಯಿತು. ಎಲ್ಲರೂ ತಟ್ಟೆ ಹಿಡಿದು ಓಡಿದರು. ಏಳನೇ ತರಗತಿಯ ಒಬ್ಬ ಹುಡುಗಿ ಮಾತ್ರ ಓಡಲಿಲ್ಲ. ನನ್ನನ್ನು ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗೆ ಕರೆದುಕೊಂಡು ಹೋಗಿ, ಗೋಡೆಗೆ ನೇತುಹಾಕಿದ್ದ ಕೆಂಪು ಬಣ್ಣದ ಬೆಂಕಿ ಆರಿಸುವ ಸಿಲಿಂಡರನ್ನು ತೋರಿಸಿದಳು. "ಮಿಸ್, ಇದರ ಮುಳ್ಳು ಹಸಿರು ಬಣ್ಣದಲ್ಲೇ ಇದೆ. ಆದರೆ ಚೀಟಿಯಲ್ಲಿ ಬರೆದಿರೋ ತಾರೀಖು ಮುಗಿದುಹೋಗಿದೆ. ಯಾವುದನ್ನ ನಂಬಬೇಕು?" ಎಂದು ಕೇಳಿದಳು.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ಆದರೂ ಆ ಕ್ಷಣ "ಎರಡನ್ನೂ ನೋಡಬೇಕಮ್ಮ" ಎಂದು ಹೇಳಿ ಜಾರಿಕೊಂಡೆ. ಅದು ಉತ್ತರವಲ್ಲ ಎಂದು ಅವಳಿಗೂ ಗೊತ್ತಾಯಿತು, ನನಗೂ ಗೊತ್ತಿತ್ತು. ಸರಿಯಾದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಆ ಉತ್ತರ ನಿಮ್ಮ ಅಡುಗೆಮನೆಯಿಂದ ಹಿಡಿದು ಆಕಾಶದಲ್ಲಿ ಹಾರುವ ವಿಮಾನದವರೆಗೂ ಹೋಗುತ್ತದೆ. ಅಲ್ಲಿ ದೊಡ್ಡವರೇ ಇನ್ನೂ ಒಮ್ಮತಕ್ಕೆ ಬಂದಿಲ್ಲದ ಒಂದು ವಿಷಯವೂ ಇದೆ. ಅದರ ಬಗ್ಗೆ ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ. ನೀವು ಒಪ್ಪಲೇಬೇಕೆಂದಿಲ್ಲ.

ಮೊದಲು ಆ ಮುಳ್ಳಿನ ವಿಷಯ. ಸಿಲಿಂಡರಿನ ತಲೆಯ ಹತ್ತಿರ ಇರುವ ಚಿಕ್ಕ ಗಡಿಯಾರದಂಥ ಸಾಧನವೇ ಒತ್ತಡಮಾಪಕ. ಒಳಗಿರುವ ಅನಿಲ ಸೋರಿ ಹೋಗಿಲ್ಲ, ಪುಡಿಯನ್ನು ಹೊರಕ್ಕೆ ತಳ್ಳಲು ಬೇಕಾದಷ್ಟು ಒತ್ತಡ ಇದೆ ಎಂಬುದನ್ನು ಅದು ಹೇಳುತ್ತದೆ. ಅಷ್ಟೇ. ಆ ಒತ್ತಡವನ್ನು ತಡೆದು ನಿಂತಿರುವ ಉಕ್ಕಿನ ಗೋಡೆ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಅದು ಹೇಳಲಾರದು. ಸೈಕಲ್ ಟ್ಯೂಬನ್ನು ನೆನಪಿಸಿಕೊಳ್ಳಿ. ಗಾಳಿ ತುಂಬಿದ ಟ್ಯೂಬು ಒತ್ತಿದರೆ ಗಟ್ಟಿಯಾಗಿಯೇ ಇರುತ್ತದೆ. ಹಳೆಯದಾಗಿ ಬಿರುಕು ಬಿಟ್ಟ ಟ್ಯೂಬು ಕೂಡ, ಒಡೆಯುವ ಹಿಂದಿನ ನಿಮಿಷದವರೆಗೂ ಗಟ್ಟಿಯಾಗಿಯೇ ಇರುತ್ತದೆ! ಮುಳ್ಳು ಹೇಳುವುದು ಒಳಗಿನ ಅನಿಲದ ಕಥೆ. ತಾರೀಖು ಹೇಳುವುದು ಹೊರಗಿನ ಲೋಹದ ಕಥೆ. ಒಂದು ಇನ್ನೊಂದರ ಬದಲಿಗೆ ಬರುವುದಿಲ್ಲ.

ಚೀಟಿಯಲ್ಲಿ ಎರಡು ತಾರೀಖುಗಳು ಇರಬಹುದು, ಗಮನಿಸಿ. ಒಂದು ಒಳಗಿನ ಪುಡಿ ಅಥವಾ ದ್ರವವನ್ನು ಮತ್ತೆ ತುಂಬಿಸಬೇಕಾದ ದಿನ. ಇನ್ನೊಂದು ಸಿಲಿಂಡರನ್ನೇ ಒತ್ತಡ ಪರೀಕ್ಷೆಗೆ ಕಳುಹಿಸಬೇಕಾದ ದಿನ. ಆ ಹುಡುಗಿ ತೋರಿಸಿದ್ದು ಎರಡನೆಯದು.

ಲೋಹ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸುವುದು ಹೇಗೆ? ಸಿಲಿಂಡರನ್ನು ಖಾಲಿ ಮಾಡಿ, ಅದರ ತುಂಬ ನೀರು ತುಂಬುತ್ತಾರೆ. ಆಮೇಲೆ ಪಂಪಿನಿಂದ ನೀರನ್ನು ಇನ್ನಷ್ಟು ಒತ್ತಿ, ಸಿಲಿಂಡರ್ ದಿನನಿತ್ಯ ತಡೆಯುವ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಕೊಡುತ್ತಾರೆ. ಬಹಳಷ್ಟು ಸಿಲಿಂಡರುಗಳಿಗೆ ಇದು ಒಂದೂವರೆ ಪಟ್ಟು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು. ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟು ನೋಡುತ್ತಾರೆ. ಸೋರಿದರೆ, ಉಬ್ಬಿದರೆ ಆ ಸಿಲಿಂಡರ್ ಅನುತ್ತೀರ್ಣ. ಇದೇ ಜಲ ಒತ್ತಡ ಪರೀಕ್ಷೆ.

ನೀರೇ ಏಕೆ, ಗಾಳಿ ಏಕಲ್ಲ? ಇದನ್ನು ನೀವೇ ಮಾಡಿ ನೋಡಬಹುದು. ಸೂಜಿ ಇಲ್ಲದ ಒಂದು ಹೊಸ ಸಿರಿಂಜ್ ತೆಗೆದುಕೊಳ್ಳಿ. ಗಾಳಿ ಎಳೆದುಕೊಂಡು, ತುದಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಹಿಡಿಕೆಯನ್ನು ಒತ್ತಿ. ಅರ್ಧದವರೆಗೂ ಒಳಗೆ ಹೋಗುತ್ತದೆ, ಬಿಟ್ಟರೆ ಪುಟಿದು ಹಿಂದಕ್ಕೆ ಬರುತ್ತದೆ. ಈಗ ನೀರು ತುಂಬಿ ಒತ್ತಿ. ಕದಲುವುದೇ ಇಲ್ಲ. ವಾಯುಮಂಡಲದ ಒತ್ತಡದ 40 ಪಟ್ಟು ಒತ್ತಡ ಹಾಕಿದರೂ ನೀರಿನ ಗಾತ್ರ ಸಾವಿರದಲ್ಲಿ ಸುಮಾರು 2 ಭಾಗ ಮಾತ್ರ ಕುಗ್ಗುತ್ತದೆ. ಅಂದರೆ ಒತ್ತಿದ ನೀರಿನಲ್ಲಿ ಪುಟಿಯುವ ಶಕ್ತಿ ಹೆಚ್ಚು ಸೇರಿಕೊಂಡಿರುವುದಿಲ್ಲ. ಪರೀಕ್ಷೆಯ ವೇಳೆ ಸಿಲಿಂಡರ್ ಒಡೆದರೆ ನೀರು ಚಿಮ್ಮಿ ನಿಂತುಬಿಡುತ್ತದೆ. ಅದೇ ಗಾಳಿಯಿಂದ ಪರೀಕ್ಷಿಸಲು ಹೋಗಿ ಒಡೆದರೆ ಅದು ಬಾಂಬು.

ಇನ್ನೊಂದು ಜಾಣತನವೂ ಈ ಪರೀಕ್ಷೆಯಲ್ಲಿದೆ. ಉಕ್ಕು ಕೂಡ ರಬ್ಬರಿನ ಹಾಗೆ ಹಿಗ್ಗುತ್ತದೆ, ನಮ್ಮ ಕಣ್ಣಿಗೆ ಕಾಣದಷ್ಟು. ಒತ್ತಡ ತೆಗೆದಾಗ ಮೊದಲಿನ ಗಾತ್ರಕ್ಕೆ ಮರಳಬೇಕು. ಬಳಲಿದ ಉಕ್ಕು ಪೂರ್ತಿ ಮರಳುವುದಿಲ್ಲ. ಹೆಚ್ಚಿನ ಒತ್ತಡದ ಸಿಲಿಂಡರುಗಳನ್ನು ಪರೀಕ್ಷಿಸುವಾಗ ಒಟ್ಟು ಎಷ್ಟು ಹಿಗ್ಗಿತು, ಅದರಲ್ಲಿ ಎಷ್ಟು ಮರಳಲಿಲ್ಲ ಎಂದು ಅಳೆಯುತ್ತಾರೆ. ಮರಳದೆ ಉಳಿದದ್ದು ಹಿಗ್ಗಿದ್ದರ ನೂರಕ್ಕೆ 10 ಭಾಗಕ್ಕಿಂತ ಹೆಚ್ಚಾದರೆ ಆ ಸಿಲಿಂಡರನ್ನು ಮತ್ತೆ ಬಳಸುವಂತಿಲ್ಲ.

ಸರಿ, ಇಂಥ ಪರೀಕ್ಷೆಯನ್ನು ಎಷ್ಟು ವರ್ಷಕ್ಕೊಮ್ಮೆ ಮಾಡಬೇಕು? ಗೊಂದಲ ಶುರುವಾಗುವುದು ಇಲ್ಲಿಯೇ.

ಮನೆಯ ಅಡುಗೆ ಅನಿಲದ ಸಿಲಿಂಡರನ್ನು ನೋಡಿ. ಹೊಸ ಸಿಲಿಂಡರಿಗೆ ಮೊದಲ ಪರೀಕ್ಷೆ 10 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಮ್ಮೆ. ಅದರ ತಲೆಯ ಬಳಿ ಹಿಡಿಕೆಯನ್ನು ಹೊತ್ತಿರುವ ಮೂರು ಪಟ್ಟಿಗಳಿರುತ್ತವೆ. ಒಂದರ ಒಳಬದಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಮತ್ತು ಎರಡು ಅಂಕಿ ಬರೆದಿರುತ್ತಾರೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈಯಿಂದ ಸೆಪ್ಟೆಂಬರ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ಇಸವಿಯದು. ಬಿ 30 ಎಂದಿದ್ದರೆ 2030ರ ಜೂನ್ ಒಳಗೆ ಆ ಸಿಲಿಂಡರ್ ಪರೀಕ್ಷೆಗೆ ಹೋಗಬೇಕು. ಇವತ್ತು ಮನೆಗೆ ಹೋದ ತಕ್ಷಣ ನೋಡಿ. ಅವಧಿ ಮುಗಿದದ್ದು ಬಂದಿದ್ದರೆ ಅಮ್ಮನಿಗೆ ಅಥವಾ ಅಪ್ಪನಿಗೆ ಹೇಳಿ ವಾಪಸು ಮಾಡಿಸಿ.

ಬೆಂಕಿ ಆರಿಸುವ ಸಿಲಿಂಡರುಗಳಿಗೆ ನಮ್ಮ ಭಾರತೀಯ ಮಾನಕದ ಲೆಕ್ಕ ಬೇರೆ. ಶಾಲೆಯಲ್ಲಿ ಕಾಣುವ ಪುಡಿಯ ಸಿಲಿಂಡರಿಗೆ ಸಾಮಾನ್ಯವಾಗಿ 3 ವರ್ಷಕ್ಕೊಮ್ಮೆ, ಇಂಗಾಲದ ಡೈಆಕ್ಸೈಡ್ ತುಂಬಿದ್ದಕ್ಕೆ 5 ವರ್ಷಕ್ಕೊಮ್ಮೆ. ವಿಜಯನಗರದ ಬಸ್ ನಿಲ್ದಾಣದ ಮುಂದೆ ಸಾಲಾಗಿ ನಿಲ್ಲುವ ಆಟೋಗಳಲ್ಲಿ ಸಿಎನ್‌ಜಿ ಹಾಕಿಸಿದ್ದರೆ ಆ ಸಿಲಿಂಡರಿಗೆ 3 ವರ್ಷ. ಅದರೊಳಗೆ ವಾಯುಮಂಡಲದ ಸುಮಾರು 200 ಪಟ್ಟು ಒತ್ತಡ ಇರುತ್ತದೆ. ಇನ್ನು ಜಾತ್ರೆಗಳಲ್ಲಿ ಬಲೂನು ಮಾರುವವರ ಹತ್ತಿರ ಇರುವ ಹಳೆಯ ಸಿಲಿಂಡರ್? ಕೆಲವರು ಅದರೊಳಗೇ ಜಲಜನಕ ತಯಾರಿಸುತ್ತಾರೆ. ಎಷ್ಟೋ ಸಲ ಅದರ ಮೇಲೆ ಯಾವ ತಾರೀಖೂ ಇರುವುದಿಲ್ಲ. ಬಲೂನು ಬೇಕಾದರೆ ದೊಡ್ಡವರನ್ನು ಕಳುಹಿಸಿ, ನೀವು ದೂರ ನಿಲ್ಲಿ ಎಂದು ನಾನು ಎಲ್ಲ ಶಾಲೆಗಳಲ್ಲೂ ಹೇಳುತ್ತಿರುತ್ತೇನೆ.

ಈಗ ವಿಮಾನ. ಬಸವೇಶ್ವರನಗರದ ಮನೆಯ ತಾರಸಿಯ ಮೇಲೆ ನಿಂತು ವಿಮಾನ ಎಣಿಸುವ ಮಕ್ಕಳು ಎಷ್ಟೋ ಜನ ಇದ್ದೀರಿ. ಆ ಪ್ರತಿಯೊಂದು ದೊಡ್ಡ ವಿಮಾನದಲ್ಲೂ ಬೆಂಕಿ ಆರಿಸುವ ಸಿಲಿಂಡರುಗಳು ಒಂದಲ್ಲ, ಹಲವಾರು ಇರುತ್ತವೆ. ಎಂಜಿನ್ನುಗಳಿಗೆಂದು, ಸಾಮಾನು ಇಡುವ ಕೆಳಮನೆಗೆಂದು, ಪ್ರಯಾಣಿಕರ ಕೋಣೆಯಲ್ಲಿ ಕೈಯಲ್ಲಿ ಹಿಡಿದು ಬಳಸಲೆಂದು. ಶೌಚಾಲಯದ ಕಸದ ಡಬ್ಬಿಯ ಮೇಲೆ ಕೂಡ ತಾನೇ ಕೆಲಸ ಮಾಡುವ ಪುಟ್ಟದೊಂದು ಇರುತ್ತದೆ. ಎಂಜಿನ್ನಿನ ಸಿಲಿಂಡರ್ ನಮ್ಮ ಶಾಲೆಯದರ ಹಾಗೆ ಉದ್ದವಾಗಿರುವುದಿಲ್ಲ. ಬಹುಪಾಲು ಚೆಂಡಿನಂತೆ ಗುಂಡಗಿರುತ್ತದೆ. ಕಾರಣ ನಿಮಗೆ ಗೊತ್ತೇ? ಗೋಳದಲ್ಲಿ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ. ಹಾಗಾಗಿ ತೆಳುವಾದ, ಹಗುರವಾದ ಗೋಡೆ ಸಾಕು. ವಿಮಾನದಲ್ಲಿ ಪ್ರತಿ ಗ್ರಾಂ ತೂಕಕ್ಕೂ ಲೆಕ್ಕವಿದೆ.

ಹಲವು ವಿಮಾನಗಳ ಎಂಜಿನ್ ಸಿಲಿಂಡರಿನಲ್ಲಿ ಹ್ಯಾಲಾನ್ 1301 ಎಂಬ ಅನಿಲವನ್ನು ತುಂಬಿ, ಅದನ್ನು ಹೊರಕ್ಕೆ ತಳ್ಳಲು ಸಾರಜನಕ ಸೇರಿಸಿರುತ್ತಾರೆ. ಒಳಗಿನ ಒತ್ತಡ ವಾಯುಮಂಡಲದ ಸುಮಾರು 40 ಪಟ್ಟು. ಮನೆಯ ಕುಕ್ಕರ್ ವಿಷಲ್ ಹಾಕುವಾಗ ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಹೆಚ್ಚಿನ ಒತ್ತಡ ಇರುತ್ತದೆ. ಇಲ್ಲಿ ಅದು 40 ಕಿಲೋಗ್ರಾಂ. ಅಂಚೆ ಚೀಟಿಯಷ್ಟು ಜಾಗದ ಮೇಲೆ, ಅಂದರೆ 4 ಚದರ ಸೆಂಟಿಮೀಟರ್ ಮೇಲೆ, 160 ಕಿಲೋಗ್ರಾಂ. ನಿಮ್ಮ ತರಗತಿಯ ನಾಲ್ಕೈದು ಮಕ್ಕಳು ಒಂದು ಅಂಚೆ ಚೀಟಿಯ ಮೇಲೆ ನಿಂತ ಹಾಗೆ! ವಿಮಾನ ಮೇಲೇರಿದಾಗ ಹೊರಗಿನ ಗಾಳಿ ಶೂನ್ಯಕ್ಕಿಂತ 50 ಡಿಗ್ರಿ ಸೆಲ್ಸಿಯಸ್ ಕೆಳಗೆ, ಇಳಿದಾಗ ಬಿಸಿಲಲ್ಲಿ ಕಾದ ನೆಲ. ಹೀಗೆ ದಿನಕ್ಕೆ ಹಲವು ಬಾರಿ ತಣ್ಣಗೆ, ಬಿಸಿ, ತಣ್ಣಗೆ, ಬಿಸಿ.

ಇಂಥ ಸಿಲಿಂಡರಿಗೆ ಪರೀಕ್ಷೆಯ ಅವಧಿ ಎಷ್ಟಿರಬೇಕು? ಅಮೆರಿಕದ ನಿಯಮಗಳನ್ನು ನೋಡಿದರೆ ಸಿಲಿಂಡರಿನ ಬಗೆಗೆ ತಕ್ಕಂತೆ 3 ವರ್ಷ, 5 ವರ್ಷ, ಬೆಂಕಿ ಆರಿಸುವ ಕೆಲವು ಬಗೆಗಳಿಗೆ ಮೊದಲ ಬಾರಿ 12 ವರ್ಷ ಎಂದಿದೆ. ಯುರೋಪಿನಲ್ಲಿ ಹ್ಯಾಲಾನ್ ತುಂಬಿದ ಸಿಲಿಂಡರಿಗೆ ಸಾಮಾನ್ಯವಾಗಿ 10 ವರ್ಷ. ಅನಿಲ ಒಂದೇ, ಬೆಂಕಿ ಒಂದೇ, ಆಕಾಶವೂ ಒಂದೇ. ಆದರೆ ಕಾಗದದ ಮೇಲಿನ ಅಂಕಿ ಬೇರೆ. ನಮ್ಮ ದೇಶದಲ್ಲಿ ಹಾರುವ ವಿಮಾನಗಳಲ್ಲಿ ಬಹಳಷ್ಟು ಬೇರೆ ದೇಶದ ಕಂಪನಿಗಳಿಂದ ಬಾಡಿಗೆಗೆ ತಂದವು. ಇವತ್ತು ಇಲ್ಲಿ, ಕೆಲವು ವರ್ಷದ ನಂತರ ಇನ್ನೊಂದು ದೇಶದಲ್ಲಿ. ವಿಮಾನದ ಜೊತೆ ಸಿಲಿಂಡರೂ ಹೋಗುತ್ತದೆ. ದೇಶ ದಾಟಿದ ಮಾತ್ರಕ್ಕೆ ಉಕ್ಕು ಗಟ್ಟಿಯಾಗುವುದೂ ಇಲ್ಲ, ಮೆತ್ತಗಾಗುವುದೂ ಇಲ್ಲ.

"ಹಾಗಾದರೆ ಎಲ್ಲವನ್ನೂ ಪ್ರತಿ ವರ್ಷ ಪರೀಕ್ಷಿಸಿಬಿಟ್ಟರೆ ಆಯಿತಲ್ಲ ಮಿಸ್?" ಎಂದು ನೀವು ಕೇಳಬಹುದು. ನಾನು ಈ ಪ್ರಶ್ನೆಯನ್ನು ಒಂದು ಶಿಕ್ಷಕರ ತರಬೇತಿಯಲ್ಲಿ ಕೇಳಿದಾಗ ಮುಕ್ಕಾಲು ಪಾಲು ಶಿಕ್ಷಕರು ಹೌದು ಎಂದು ಕೈ ಎತ್ತಿದ್ದರು. ಆದರೆ ಯೋಚಿಸಿ. ಪರೀಕ್ಷಿಸಬೇಕೆಂದರೆ ಸಿಲಿಂಡರನ್ನು ಕಳಚಬೇಕು, ಬಿಚ್ಚಬೇಕು, ಖಾಲಿ ಮಾಡಬೇಕು. ಒಳಗೆ ನೀರು ಹೋಗುತ್ತದೆ. ಪೂರ್ತಿ ಒಣಗಿಸದೆ ಮುಚ್ಚಿದರೆ ಪರೀಕ್ಷೆಯೇ ತುಕ್ಕಿಗೆ ಕಾರಣವಾಗುತ್ತದೆ. ಮತ್ತೆ ಜೋಡಿಸುವಾಗ ತಪ್ಪು ಆಗಬಹುದು. ಹ್ಯಾಲಾನ್ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅದು ಓಜೋನ್ ಪದರದ ಶತ್ರು. ಹಳೆಯ ಫ್ರಿಜ್ಜುಗಳ ಅನಿಲಗಳಿಗಿಂತಲೂ ಎಷ್ಟೋ ಪಟ್ಟು ಹೆಚ್ಚು ಹಾನಿ ಮಾಡುತ್ತದೆ. 1987ರ ಸೆಪ್ಟೆಂಬರ್ 16ರಂದು ಸಹಿಯಾದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಮುಂದುವರಿದ ದೇಶಗಳಲ್ಲಿ 1994ರಿಂದ ಅದರ ತಯಾರಿಕೆ ನಿಂತಿತು. ಈಗ ವಿಮಾನಗಳು ಹಳೆಯ ದಾಸ್ತಾನನ್ನೇ ಶುದ್ಧಗೊಳಿಸಿ ಬಳಸುತ್ತಿವೆ. ಸಿಲಿಂಡರನ್ನು ಬಿಚ್ಚಿದಾಗಲೆಲ್ಲ ಸ್ವಲ್ಪವಾದರೂ ಸೋರುವ ಅಪಾಯವಿದೆ. ಸಿಲಿಂಡರನ್ನು ಬಿಚ್ಚದೆ, ಲೋಹದ ಬಿರುಕು ಬೆಳೆಯುವಾಗ ಹೊರಡುವ ಸಣ್ಣ ಸದ್ದನ್ನು ಆಲಿಸುವ ವಿಧಾನವನ್ನು ವಿಜ್ಞಾನಿಗಳು ರೂಪಿಸಿದ್ದು ಈ ತೊಡಕಿನಿಂದ ಪಾರಾಗಲೆಂದೇ. ವೈದ್ಯರು ಸ್ಟೆತಸ್ಕೋಪ್ ಇಟ್ಟು ಎದೆಬಡಿತ ಕೇಳುತ್ತಾರಲ್ಲ, ಹಾಗೆ.

ಪರೀಕ್ಷೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. 2008ರ ಜುಲೈ 25ರಂದು ಹಾಂಗ್‌ಕಾಂಗ್‌ನಿಂದ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೊರಟಿದ್ದ ಕ್ವಾಂಟಾಸ್ ಸಂಸ್ಥೆಯ ಬೋಯಿಂಗ್ 747 ವಿಮಾನದಲ್ಲಿ, 29,000 ಅಡಿ ಎತ್ತರದಲ್ಲಿ, ಒಂದು ಆಮ್ಲಜನಕ ಸಿಲಿಂಡರ್ ಸಿಡಿಯಿತು. ವಿಮಾನದ ಮೈಯಲ್ಲಿ ದೊಡ್ಡ ತೂತಾಯಿತು. ಪೈಲಟ್‌ಗಳು ಚಾಕಚಕ್ಯತೆಯಿಂದ ವಿಮಾನವನ್ನು ಮನಿಲಾದಲ್ಲಿ ಇಳಿಸಿದರು, ಒಳಗಿದ್ದವರೆಲ್ಲರೂ ಉಳಿದರು. ಆ ಸಿಲಿಂಡರ್ ವಿಮಾನದಿಂದ ಹೊರಗೆ ಬಿದ್ದು ಸಮುದ್ರ ಸೇರಿದ್ದರಿಂದ, ಅದು ಏಕೆ ಸಿಡಿಯಿತು ಎಂದು ತನಿಖೆ ಮಾಡಿದವರಿಗೆ ಖಚಿತವಾಗಿ ಹೇಳಲು ಆಗಲಿಲ್ಲ. ಅದು ಬೆಂಕಿ ಆರಿಸುವ ಸಿಲಿಂಡರ್ ಆಗಿರಲಿಲ್ಲ, ನಿಜ. ಆದರೆ ಒತ್ತಡ ಹೊತ್ತ ಲೋಹ ಯಾವುದಾದರೇನು?

ಹಾಗಾಗಿ ನನ್ನ ಅಭಿಪ್ರಾಯ ಇದು. ವಿಮಾನದ ಸಿಲಿಂಡರುಗಳಿಗೆ ಪ್ರಪಂಚಕ್ಕೆಲ್ಲ ಒಂದೇ ಕೋಷ್ಟಕ ಇರಬೇಕು. ಅದರಲ್ಲಿ ದೇಶದ ಹೆಸರಿನ ಅಂಕಣ ಇರಬಾರದು. ಯಾವ ಲೋಹ, ಎಷ್ಟು ದಪ್ಪ, ಎಷ್ಟು ಒತ್ತಡ, ಎಷ್ಟು ಸಲ ತುಂಬಿದ್ದು, ಎಷ್ಟು ವರ್ಷ ಹಳೆಯದು ಎಂಬ ಅಂಕಣಗಳು ಇರಬೇಕು. ಇದು ಹೊಸ ಯೋಚನೆಯೇನಲ್ಲ. ವಿಮಾನದಲ್ಲಿ ಬಳಸುವ ತೆಳುಗೋಡೆಯ ಒಂದು ಬಗೆಯ ಉಕ್ಕಿನ ಸಿಲಿಂಡರಿಗೆ ಅಮೆರಿಕದ ನಿಯಮ 24 ವರ್ಷ ಅಥವಾ 4,380 ಸಲ ತುಂಬುವಿಕೆ, ಯಾವುದು ಮೊದಲೋ ಅಲ್ಲಿಗೆ ಆಯುಷ್ಯ ಮುಗಿಯಿತು ಎನ್ನುತ್ತದೆ. ಲೋಹಕ್ಕೆ ವರ್ಷ ಮಾತ್ರವಲ್ಲ, ದುಡಿದ ದಿನವೂ ಲೆಕ್ಕ. ಅದು ನನಗೆ ಸರಿ ಎನಿಸುತ್ತದೆ. ವಿಮಾನಗಳ ಬೇರೆ ಎಷ್ಟೋ ವಿಷಯಗಳಿಗೆ 1944ರ ಷಿಕಾಗೋ ಒಪ್ಪಂದದಿಂದೀಚೆಗೆ ಅಂತಾರಾಷ್ಟ್ರೀಯ ನಿಯಮಗಳು ಇವೆ. ಇದಕ್ಕೂ ಆಗದೇ?

ಆಗುತ್ತದೆ ಎನ್ನಲು ನಮ್ಮ ದೇಶದ್ದೇ ಉದಾಹರಣೆ ಇದೆ. ಗಿರಣಿಗಳಲ್ಲಿ ಉಗಿ ತಯಾರಿಸುವ ಬಾಯ್ಲರುಗಳೂ ಒತ್ತಡ ಹೊತ್ತ ಪಾತ್ರೆಗಳೇ. ಬ್ರಿಟಿಷರ ಕಾಲದಲ್ಲಿ ಅವುಗಳ ತಪಾಸಣೆಗೆ ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಕಾನೂನು ಇತ್ತು. ಒಂದು ಪ್ರಾಂತ್ಯದ ಬಾಯ್ಲರು ಇನ್ನೊಂದಕ್ಕೆ ಹೋದರೆ ತೊಂದರೆ. 1923ರಲ್ಲಿ ಭಾರತೀಯ ಬಾಯ್ಲರುಗಳ ಕಾಯ್ದೆ ಬಂದು ಎಲ್ಲ ಪ್ರಾಂತ್ಯಗಳಿಗೂ ಒಂದೇ ನಿಯಮವಾಯಿತು. ಅದು ನೂರು ವರ್ಷ ಬಾಳಿತು, 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು.

ಒಂದೇ ನಿಯಮ ಎಂದರೆ ವಿಮಾನಕ್ಕೂ ಶಾಲೆಗೂ ಒಂದೇ ಅವಧಿ ಎಂದು ಅರ್ಥ ಮಾಡಿಕೊಳ್ಳಬೇಡಿ. ವಿಮಾನದ ಸಿಲಿಂಡರಿಗೆ 10 ವರ್ಷ ಬೇಕಾದರೂ ಕೊಡಬಹುದು, ಶಾಲೆಯ ಸಿಲಿಂಡರಿಗೆ 3 ವರ್ಷವೇ ಇರಲಿ ಎನ್ನುತ್ತೇನೆ. ಕೇಳಲು ವಿಚಿತ್ರ ಎನಿಸುತ್ತದೆ, ಅಲ್ಲವೇ? ವಿಮಾನದ ಸಿಲಿಂಡರನ್ನು ತರಬೇತಿ ಪಡೆದ ತಂತ್ರಜ್ಞರು ಆಗಾಗ ನೋಡುತ್ತಾರೆ, ತೂಗುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ. ನಮ್ಮ ಶಾಲೆಯದು ಬಿಸಿಲು, ಮಳೆ, ಸೀಮೆಸುಣ್ಣದ ಧೂಳಿನಲ್ಲಿ ಗೋಡೆಗೆ ತೂಗಾಡುತ್ತಿರುತ್ತದೆ. ಕ್ರಿಕೆಟ್ ಚೆಂಡಿನ ಏಟು ಬೇರೆ. ನೋಡುವವರು ಯಾರು? ಆ ಶಾಲೆಯಲ್ಲಿ ನೋಡಿದವಳು ಏಳನೇ ತರಗತಿಯ ಹುಡುಗಿ ಒಬ್ಬಳೇ. ಅಷ್ಟು ಸಲ ಅದರ ಮುಂದೆ ಓಡಾಡಿದ ನಾನು ಕೂಡ ಚೀಟಿ ಓದಿರಲಿಲ್ಲ.

ಶಾಲೆಗಳಿಗೆ ಈ ಸಿಲಿಂಡರ್ ಸುಮ್ಮನೆ ಬಂದದ್ದಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಒಂದು ಶಾಲೆಗೆ ಬೆಂಕಿ ಬಿದ್ದು ನಿಮ್ಮಂಥ 94 ಮಕ್ಕಳು ತೀರಿಹೋದರು. ಅಡುಗೆಮನೆಯಲ್ಲಿ ಹುಟ್ಟಿದ ಬೆಂಕಿ ಹುಲ್ಲಿನ ಚಾವಣಿಗೆ ಹತ್ತಿತ್ತು. ಆ ಬಳಿಕ ಒಂದು ಮೊಕದ್ದಮೆ ನಡೆದು, 2009ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಎಲ್ಲ ಶಾಲೆಗಳಲ್ಲೂ ಬೆಂಕಿ ಆರಿಸುವ ಸಾಧನಗಳು ಇರಬೇಕೆಂದು ಆದೇಶಿಸಿತು. ಹಾಗೆ ಬಂದ ಸಿಲಿಂಡರಿನ ತಾರೀಖು ಮುಗಿಯಲು ಬಿಡುವುದು ಸರಿಯೇ?

ತಾರೀಖು ಬರೆಯುವ ರೀತಿಯ ಬಗ್ಗೆಯೂ ನನಗೊಂದು ತಕರಾರಿದೆ. ಅನಿಲ ಸಿಲಿಂಡರಿಗೆ ಗುಟ್ಟಿನ ಅಕ್ಷರ, ಶಾಲೆಯದಕ್ಕೆ ಮಳೆಗೆ ಅಳಿಸಿ ಹೋಗುವ ಕಾಗದದ ಚೀಟಿ. ಎಲ್ಲದರ ಮೇಲೂ ದೊಡ್ಡ ಅಂಕಿಯಲ್ಲಿ, ಕನ್ನಡದಲ್ಲಿ, "ಮುಂದಿನ ಒತ್ತಡ ಪರೀಕ್ಷೆ" ಎಂದು ತಿಂಗಳು, ಇಸವಿ ಬರೆದರೆ ಮೂರನೇ ತರಗತಿಯ ಮಗುವೂ ಓದಬಹುದು. ಇದಕ್ಕೆ ಹೆಚ್ಚು ಖರ್ಚೇನೂ ಇಲ್ಲ, ಸ್ವಲ್ಪ ಬಿಳಿ ಬಣ್ಣ ಸಾಕು. ಆದರೆ ಸಿಲಿಂಡರನ್ನು ನೀವು ಮುಟ್ಟಿ ಕೆಳಗಿಳಿಸಲು ಹೋಗಬೇಡಿ, ಪಿನ್ನು ಎಳೆದು ನೋಡಬೇಡಿ. ಕಣ್ಣಿನಿಂದ ಓದಿ ಶಿಕ್ಷಕರಿಗೆ ಹೇಳಿದರೆ ಸಾಕು.

ಆ ಶಾಲೆಯ ಸಿಲಿಂಡರ್ ಏನಾಯಿತು ಎಂದು ಕೇಳುತ್ತೀರಾ? ಮುಖ್ಯೋಪಾಧ್ಯಾಯರು ಪತ್ರ ಬರೆದರು. ಒಂದು ತಿಂಗಳು ಯಾರೂ ಬರಲಿಲ್ಲ, ಇನ್ನೊಂದು ಪತ್ರ ಹೋಯಿತು. ಆಮೇಲೆ ಬಂದು ತೆಗೆದುಕೊಂಡು ಹೋದರು. ಅದು ಇಲ್ಲದ ದಿನಗಳಿಗೆಂದು ಅಡುಗೆಯವರು ಬಾಗಿಲ ಬಳಿ ಎರಡು ಬಕೆಟ್ ಮರಳು ತುಂಬಿಸಿಟ್ಟರು. ನಾನು ಮತ್ತೆ ಹೋದಾಗ ಸಿಲಿಂಡರ್ ಪರೀಕ್ಷೆ ಮುಗಿಸಿ ವಾಪಸು ಬಂದಿತ್ತು. ಅದರ ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ, ಸ್ವಲ್ಪ ಸೊಟ್ಟಗೆ, ಮುಂದಿನ ತಾರೀಖು ಬರೆದಿತ್ತು. ಯಾರ ಕೈಬರಹ ಎಂದು ನಾನು ಕೇಳಲಿಲ್ಲ. ಮರಳಿನ ಬಕೆಟ್ಟುಗಳು ಮಾತ್ರ ಅಲ್ಲೇ ಇದ್ದವು. "ಇರಲಿ ಬಿಡಿ ಮಿಸ್" ಎಂದರು ಅಡುಗೆಯಮ್ಮ.